ಕತ್ತೆಯ ಹಿಂದೆ ನಡೆದ ಕುದುರೆ

ಬನ್ನಿ, ಕೂತುಕೊಳ್ಳಿ. ಮಕ್ಕಳನ್ನ ಮುಂದೆ ಬಿಡಿ. ಹೆಸರು ಮರೆತುಹೋದ ಒಂದು ಸೀಮೆಯಲ್ಲಿ, ಯಾವನೋ ಒಬ್ಬ ರಾಜ ಆಳುತ್ತಿದ್ದಾಗ, ಉಪ್ಪು ಮಾರುವ ಕೆಂಚವ್ವ ಅಂತ ಒಬ್ಬಳಿದ್ದಳು. ಗಂಡ ದ್ಯಾವಪ್ಪನಿಗೆ ಮಂಡಿನೋವು. ಜಗಲಿ ಬಿಟ್ಟು ಇಳಿಯುತ್ತಿರಲಿಲ್ಲ. ಉಪ್ಪು ಹೊರುತ್ತಿದ್ದ ಹೆಣ್ಣುಕುದುರೆ ಸತ್ತು, ಅದರ ಮರಿಯೊಂದು ಉಳಿದಿತ್ತು. ಮರಿ ಪಳಗಿದರೆ ಉಪ್ಪು ಬರಬೇಕು, ಉಪ್ಪು ಬಂದರೆ ಒಲೆ ಉರಿಯಬೇಕು.

ಮರಿಗೆ ಎರಡೇ ಕೆಲಸ ಗೊತ್ತಿತ್ತು. ಓಡುವುದು. ಬೀಳುವುದು.

ಮೊದಲ ಸಲ ಬೇಲಿ ಹಾರಿತು. ಬೇಲಿಯಾಚೆ ತಿಪ್ಪೆಗುಂಡಿ. ಓಡಿತು, ಬಿತ್ತು, ಕೆಂಚವ್ವ ಎಳೆದುಕೊಂಡು ಬಂದಳು.

"ಹಗ್ಗ ಕಟ್ಟೇ" ಅಂದ ದ್ಯಾವಪ್ಪ, ಜಗಲಿ ಮೇಲಿಂದ.

ಕಟ್ಟಿದಳು. ಗೂಟ ಕಿತ್ತುಕೊಂಡೇ ಹೋಯಿತು. ಬೀದಿಯಲ್ಲಿ ಕುಂಬಾರ ಮಡಕೆ ಒಣಗಲು ಇಟ್ಟಿದ್ದ. ಬೇರೆ ದಾರಿ ಇರಲಿಲ್ಲವೇ? ಇತ್ತು. ಮಡಕೆ ಮೇಲೇ ಹೋಯಿತು. ಓಡಿತು, ಬಿತ್ತು, ಕೆಂಚವ್ವ ಎಳೆದುಕೊಂಡು ಬಂದಳು.

"ಕಾಲಿಗೂ ಕಟ್ಟೇ."

ಕಾಲಿಗೂ ಕಟ್ಟಿದಳು. ಆಗೇನಾಯ್ತು ಕೇಳಿ. ಮತ್ತೆ ಬೇಲಿ ಹಾರಲು ಹೋಗಿ ಹಗ್ಗ ಕುತ್ತಿಗೆಗೆ ಸುತ್ತಿಕೊಂಡಿತು. ನಾಲಿಗೆ ಹೊರಬಂತು, ಕಣ್ಣು ಮೇಲಾಯಿತು. ಕೆಂಚವ್ವ ಓಡಿ ಬಂದು ಕುಡುಗೋಲಿನಿಂದ ಹಗ್ಗ ಕೊಯ್ದಳು. ಮರಿಯ ತಲೆ ತೊಡೆ ಮೇಲಿಟ್ಟುಕೊಂಡು ಕೂತಳು. ಅದರ ಮೈಯೆಲ್ಲ ನಡುಗುತ್ತಿತ್ತು. 

"ಇನ್ನೂ ದಪ್ಪ ಹಗ್ಗ..." ಅಂದ ದ್ಯಾವಪ್ಪ.

"ಸುಮ್ನಿರ್ರಿ" ಅಂದಳು.

ಅಷ್ಟರಲ್ಲಿ ಪಕ್ಕದ ಹಿತ್ತಲಲ್ಲಿ ಮಡಿವಾಳರ ಈರಮ್ಮನ ಕತ್ತೆ ಅರಚಿತು. ಮರಿಯ ಕಿವಿ ನೆಟ್ಟಗಾಯಿತು. ನಡುಕ ನಿಂತಿತು. ತಾಯಿ ಸತ್ತ ಮೇಲೆ ಇದು ಒಂಟಿಯಾಗೇ ನಿಂತಿದೆಯಲ್ಲ, ಜೊತೆ ಹುಡುಕಿಕೊಂಡೇ ಓಡುತ್ತಿದೆಯಲ್ಲ ಅಂತ ಕೆಂಚವ್ವನಿಗೆ ಆಗ ಹೊಳೆಯಿತು. ಎದ್ದು ಹೋದಳು.

"ಈರಕ್ಕಾ, ನಿನ್ನ ಕತ್ತೆ ಕೊಡು."

"ಅದಕ್ಕೆ ವಯಸ್ಸಾಯ್ತು ಕಣೇ, ಕಣ್ಣೂ ಕಾಣಲ್ಲ. ಅದು ಏನು ಮಾಡುತ್ತೆ?"

"ಏನೂ ಮಾಡೋದು ಬೇಡ. ನನ್ನ ಕುದುರೆ ಪಕ್ಕ ನಿಂತಿರಲಿ."

ಕತ್ತೆ ಬಂತು. ನಿಂತಿತು. ನಿಲ್ಲುವುದರಲ್ಲಿ ಅದನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ಮರಿ ಅದರ ಪಕ್ಕ ನಿಂತಿತು. ಕತ್ತೆ ನೆಲ ತಡವಿ ತಡವಿ ಹೆಜ್ಜೆ ಇಡುತ್ತಿತ್ತು. ಹಿಂದೆ ಮರಿಯೂ ಹಾಗೇ ಇಟ್ಟಿತು. ಬೀಳಲಿಲ್ಲ. ಉಪ್ಪು ಬಂತು. ತಡವಾಗಿ ಬಂತು, ಆದರೆ ಬಂತು.

ಮರಿ ಬೆಳೆದು ಕುದುರೆಯಾಯಿತು, ಮೈ ಮಿರಮಿರ ಮಿಂಚಿತು. ರಾಜನ ದಂಡಿನವನೊಬ್ಬ ಅದನ್ನು ಕಂಡ. "ಈ ಕುದುರೆ ದಂಡಿಗೆ ಬೇಕು" ಅಂದ. ಕೊಡುತ್ತೀಯಾ ಅಂತ ಕೇಳಲಿಲ್ಲ. ಕೆಂಚವ್ವ ಬದಿಗೆ ಸರಿದಳು. ರಾಜನ ಕಡೆಯವರಿಗೆ ಇಲ್ಲ ಅನ್ನಲಾದೀತೇ?

ಹತ್ತಿ ಕೂತ. ಒದ್ದ, ಕುದುರೆ ಅಲುಗಲಿಲ್ಲ. ಬೈದ, ಅಲುಗಲಿಲ್ಲ. ಅಪ್ಪಾ ತಂದೇ ಅಂದ, ಅಲುಗಲಿಲ್ಲ.

"ಏನಾಗಿದೆ ಇದಕ್ಕೆ?"

"ಏನಿಲ್ಲ ಸ್ವಾಮಿ. ಮುಂದೆ ಕತ್ತೆ ನಡೀಬೇಕು."

"ಯುದ್ಧಕ್ಕೂ?"

"ಎಲ್ಲಿಗಾದ್ರೂ."

ದಂಡಿನವನು ಕತ್ತೆಯನ್ನು ನೋಡಿದ. ಕತ್ತೆ ಅವನನ್ನು ನೋಡಲಿಲ್ಲ. ಅವನು ಇಳಿದ, ಮೀಸೆ ಒರೆಸಿಕೊಂಡ, ಬಂದ ದಾರಿ ಹಿಡಿದ.

ಕುದುರೆ ಅಲ್ಲಿ ನಿಂತಿತು, ನನ್ನ ಕಥೆ ಇಲ್ಲಿ ನಿಂತಿತು. ಏಳಿ, ಬಟ್ಟೆ ಕೊಡವಿಕೊಳ್ಳಿ.