ಊರ ಮಾನದ ಬಾಟ್ಲಿ

“ಹಲೋ... ಹಲೋ, ಯಾರ್ರಿ ಮಾತಾಡೋರು?... ನೀರಿನ ಆಫೀಸಾ? ಹಾಂ, ಸಿಕ್ತಪ್ಪ. ಮುಂಜಾನಿಂದ ಕುಂತೀನ್ರಿ. ಎರಡು ಸಲ ಕೊಟ್ಟೂರಿನ ಅಕ್ಕಿ ಅಂಗಡಿ ಸಿಕ್ತು. ಅವರಾದ್ರೂ ಪಾಪ, ಏನು ಬೇಕ್ರಿ ಅಂತ ಕೇಳಿದ್ರು.”

...

ಹೀಗೆ ಕೂಗುತ್ತಿದ್ದವನು ಊರಿಗೆ ನೀರು ಬಿಡುವ ಮರುಳಪ್ಪ. ಕೂಡ್ಲಿಗಿ ಸೀಮೆಯ ಆ ಹಳ್ಳಿಗೆ ಇದ್ದದ್ದು ಒಂದೇ ಫೋನು, ಅಂಚೆ ಗುರುಸಂಗಪ್ಪನ ಪಡಸಾಲೆಯಲ್ಲಿ. ಅದರಲ್ಲಿ ಮಾತಾಡಬೇಕಾದರೆ ಓಣಿಗೆಲ್ಲ ಕೇಳುವಂತೆ ಕೂಗಬೇಕು. ಗುಟ್ಟು ಇದ್ದವರು ಕಾಗದ ಬರೆಯುತ್ತಿದ್ದರು. ಸುತ್ತ ನಾಲ್ಕಾರು ಮಂದಿ ಕೂತಿದ್ದರು, ಬಾಗಿಲಲ್ಲಿ ಈರಕ್ಕ ನಿಂತಿದ್ದಳು. ಅವಳ ದೊಡ್ಡ ಮಗಳಿಗೆ ಕೂಡ್ಲಿಗಿ ಆಸ್ಪತ್ರೆಯಲ್ಲಿ ಗ್ಲೂಕೋಸು ಹಚ್ಚಿದ್ದರು. ಗಂಡನನ್ನು ಅಲ್ಲಿ ಕೂರಿಸಿ ಇವಳು ಊರಿಗೆ ಬಂದಿದ್ದಳು, ಮನೆಯಲ್ಲಿ ಇನ್ನೊಂದು ಕೂಸು ಇತ್ತು.

...

“ನಾನ್ರೀ, ಮರುಳಪ್ಪ, ವಾಟರ್‌ಮ್ಯಾನ್... ಸಾಹೇಬ್ರು ಅದಾರೇನ್ರಿ?... ಊಟಕ್ಕ ಹೋಗ್ಯಾರಾ? ಉಣ್ಲಿ ಬಿಡ್ರಿ. ಇಲ್ಲಿ ಉಂಡದ್ದು ಯಾರ ಹೊಟ್ಟ್ಯಾಗೂ ನಿಲ್ಲವಲ್ದು, ಅವರಾದ್ರೂ ಹೊಟ್ಟಿ ತುಂಬ ಉಣ್ಲಿ... ನೀವು ಗುಮಾಸ್ತರು ಓಬಳೇಶಪ್ಪಾರು ಅಲ್ವಾ? ಹಾಂ, ನೀವಾ ಬರ್ಕೊಳ್ರಿ.”

...

“ವಾಂತಿ ಭೇದಿ ರೀ... ಹನ್ನೊಂದು ಮಂದಿ... ಇಲ್ರೀ, ಯಾವ ಮದುವಿ ಊಟನೂ ಅಲ್ಲ. ನಿಮ್ಮ ನಳದ ನೀರು. ಎಂಬತ್ತೆರಡರಾಗ ನಳ ಬಂದಾಗ ಊರವರು ತೆಂಗಿನಕಾಯಿ ಒಡದ್ವಿ, ಮರುವರ್ಷ ಪೈಪು ತಾನಾ ಒಡೀತು. ಅದೂ ಚರಂಡ್ಯಾಗ. ಮೊನ್ನಿ ಮಳಿಗೆ ಚರಂಡಿ ತುಂಬಿ ಮನಿಮನಿ ನಳದಾಗ ಬಂತು... ಹೌದ್ರೀ, ಅರ್ಜಿ ಕೊಟ್ಟಿದ್ವಿ. ಮೂರು ಸಲ ಕೊಟ್ಟಿದ್ವಿ. ಭಾಳ ಜ್ವಾಪಾನ ಮಾಡಿ ಇಟ್ಟೀರಿ ಅನ್ಸತೈತಿ.”

...

ಪಡಸಾಲೆಯಲ್ಲಿದ್ದವರು ನಕ್ಕರು. ಮರುಳಪ್ಪನಿಗೆ ಹುರುಪು ಬಂತು.

“ಮೋಟ್ರು ನಾನಾ ಬಂದ್ ಮಾಡೀನ್ರಿ. ಪೈಪು ನಿಮಗ ಬಿಡುವಾದಾಗ ನೋಡ್ರಿ, ಅವಸರ ಇಲ್ಲ, ಇನ್ನೂ ಎದ್ದು ಅಡ್ಡಾಡೋ ಮಂದಿ ಭಾಳ ಅದಾರ. ಕುಡಿಯಾಕ ಒಂದು ಟ್ಯಾಂಕರ್ ಕಳಿಸ್ರಿ, ಇವತ್ತಾ... ಬರಂಗಿಲ್ಲಾ? ಯಾಕ ಬರಂಗಿಲ್ಲ?... ನಮ್ಮ ನೀರು ಚಲೋ ಐತಾ? ಯಾರು ಹೇಳಿದ್ರು, ನೀವು ಕುಡದು ನೋಡೀರೇನು?”

...

“ಏನು ವರದಿ?... ಯಾವ ಬಾಟ್ಲಿ?... ಹಾಂ... ಯುಗಾದಿ ಮುಂದ ಕಳಿಸಿದ್ರಲ್ಲ, ಅದಾ?... ಹಾಂ.”

...

ಮರುಳಪ್ಪನ ದನಿ ಇಳಿಯಿತು. ನಳದ ನೀರು ತುಂಬಿಸಿ ಪರೀಕ್ಷೆಗೆ ಕಳಿಸಿ ಎಂದು ಆಫೀಸಿನವರು ಬಾಟ್ಲಿ ಕೊಟ್ಟದ್ದು ನಿಜ. ನಳ ತಿರುಗಿಸಿದರೆ ಬಂದದ್ದು ಕಂದು ನೀರು, ಅದರಲ್ಲೊಂದು ಹುಳ. ಇಂಥದ್ದನ್ನು ದೊಡ್ಡ ಮಂದಿಗೆ ಕಳಿಸಿದರೆ ಊರಿನ ಮಾನ ಉಳಿದೀತೆ? ಅವನು ನೀಲಗಂಗಮ್ಮನ ತೋಟದ ಸಿಹಿನೀರ ಬಾವಿಗೆ ನಡೆದು, ಹೊಸ ಪಂಚೆಯಲ್ಲಿ ಎರಡು ಸಲ ಸೋಸಿ, ಬಾಟ್ಲಿ ತುಂಬಿಸಿ ಕಳಿಸಿದ್ದ. ಕನ್ಯೆ ತೋರಿಸುವವರೂ ಅಷ್ಟು ಸಿಂಗಾರ ಮಾಡುವುದಿಲ್ಲ. ಬೇಸಿಗೆಗೆ ಬತ್ತಿ ಈಗ ಆ ಬಾವಿಯಲ್ಲೂ ಕೆಸರು ಬಿಟ್ಟರೆ ಏನಿಲ್ಲ.

...

“ಇನ್ನೊಮ್ಮೆ ಓದ್ರಿ... ನೀರು ಕುಡಿಯಲು ಯೋಗ್ಯವಾಗಿದೆ... ಹಾಂ. ಅದಕ್ಕಾ ಪೈಪಿನ ಅರ್ಜಿ ಮುಚ್ಚಿದ್ರಾ?... ಹಂಗಾದ್ರ ಅದಕ್ಕ ಮೊದಲು ಹೊಸ ಪೈಪು ಹಾಕಾಕ ಬರೋರಿದ್ರಾ? ನಮ್ಮೂರಿಗಾ?... ಸಾಮಾನು ಸೈತ ತಂದಿದ್ರಾ?”

...

ಈರಕ್ಕ ಬಾಗಿಲಿಂದ ಎರಡು ಹೆಜ್ಜೆ ಒಳಗೆ ಬಂದಳು. ಟ್ಯಾಂಕರ್ ಬರುತ್ತದೆಯೇ ಎಂದು ಕಣ್ಣಲ್ಲೇ ಕೇಳಿದಳು. ಮರುಳಪ್ಪ ಗೋಡೆಯ ಕಡೆ ತಿರುಗಿಕೊಂಡ.

“ಓಬಳೇಶಪ್ಪಾರ, ಆ ವರದಿ ಬಿಡ್ರಿ... ಶಿಕ್ಕಾ ಒತ್ತ್ಯಾರ ಖರೇ... ಆದ್ರ ಆ ಬಾಟ್ಲ್ಯಾಗಿಂದು ನಳದ ನೀರಲ್ಲ... ಹಲೋ, ನಳದ್ದಲ್ಲ ಅಂದೆ... ಕೇಳವಲ್ದಾ?... ಇದಕ್ಕಿಂತ ಜೋರಾಗಿ ಹೇಳಬೇಕಾ?”

ಅವನು ಕಣ್ಣು ಮುಚ್ಚಿ ಕೂಗಿದ.

“ನೀಲಗಂಗಮ್ಮನ ಬಾವಿ ನೀರ್ರೀ. ನಾನಾ ತುಂಬಿ ಕಳಿಸಿದ್ದು. ತಪ್ಪು ನಂದು, ಹಂಗಂತ ಬರ್ಕೊಳ್ರಿ. ಬೇಕಾದ್ರ ನನ್ನ ಕೆಲಸದಿಂದ ತೆಗೀರಿ, ಟ್ಯಾಂಕರ್ ಮಾತ್ರ ಕಳಿಸ್ರಿ... ಹಲೋ... ಓಬಳೇಶಪ್ಪಾರ... ಹಲೋ...”

...

ಲೈನು ಯಾವಾಗ ಹೋಗಿತ್ತೋ. ಆಫೀಸಿಗೆ ಎಷ್ಟು ಕೇಳಿತೋ ಗೊತ್ತಿಲ್ಲ, ಪಡಸಾಲೆಗೆ ಪೂರ್ತಿ ಕೇಳಿತ್ತು. ಈ ಸಲ ಯಾರೂ ನಗಲಿಲ್ಲ. ಬೆನ್ನ ಹಿಂದೆ, ತೀರ ಹತ್ತಿರದಲ್ಲಿ, ಈರಕ್ಕನ ಬಳೆ ಸದ್ದಾಯಿತು. ತಿರುಗಿ ನೋಡುವ ಧೈರ್ಯವಾಗದೆ ಮರುಳಪ್ಪ ಸತ್ತ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತ.

“ಹಲೋ... ಯಾರ್ರಿ ಮಾತಾಡೋರು?...”