ಮೋಹನ್ ಅವರ ಬೈಕು ದೋಣಿಗಲ್ ಏರಿನಲ್ಲಿ ನಿಲ್ಲದೆ ಹೋದ ಬಗ್ಗೆ

ಹೆಸರು ಪಿಯೂಸ್ ತಾವ್ರೊ, ಬಿನ್ ಲೇಟ್ ಬೋನಿಫಾಸ್ ತಾವ್ರೊ. ವಯಸ್ಸು 58 ವರ್ಷ. ಕಸುಬು ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವುದು; ಬಿಡುವಿನಲ್ಲಿ ಹೆಂಡತಿಯ ಬೈಕಿನ ಹಿಂದಿನ ಸೀಟಿನಲ್ಲಿ ಕೂರುವುದು. ವಾಸ ದೋಣಿಗಲ್ ಬಳಿಯ ಎಸ್ಟೇಟ್ ಕ್ವಾರ್ಟರ್ಸ್, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ.

ನಾನು ಈ ದಿನ ಠಾಣೆಗೆ ಹಾಜರಾಗಿ, ಸಕಲೇಶಪುರ ಮತ್ತು ಆಲೂರು ಸೀಮೆಯ ಸಮಸ್ತ ನಾಗರಿಕರಿಗೂ ಕೇಳಿಸಲಿ ಎಂಬ ಉದ್ದೇಶದಿಂದ ಗಟ್ಟಿ ಸ್ವರದಲ್ಲಿ ಪ್ರಕಟಪಡಿಸುವುದೇನೆಂದರೆ, ಬೆಳಗೋಡಿನ ಮೋಹನ್ ಎಂಬುವರ ಮೋಟಾರ್ ಸೈಕಲ್ಲಿನ ಚೈನಿಗೆ, ಆ ವಾಹನವು ಷೋರೂಮಿನಿಂದ ಹೊರಬಿದ್ದ ದಿನದಿಂದೀಚೆಗೆ ಮೊಟ್ಟಮೊದಲ ಬಾರಿಗೆ, ಎಣ್ಣೆ ಬಿದ್ದಿದೆ.

ಸದರಿ ಎಣ್ಣೆಯನ್ನು ಹಾಕಿದವಳು ನನ್ನ ಹೆಂಡತಿ ಕ್ಯಾರೋಲಿನ್ ತಾವ್ರೊ, 54 ವರ್ಷ, ನಮ್ಮ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ನರ್ಸ್. ಸದರಿ ಬೈಕನ್ನು ಕದ್ದ ಆರೋಪವೂ ಅವಳ ಮೇಲೆಯೇ ಇದೆ. ಕೇಸು ದಾಖಲಾದರೆ ಡಿಸ್ಪೆನ್ಸರಿಯ ಕೆಲಸ ಬಿಡಬೇಕಾಗುತ್ತದೆಂದು ಎಸ್ಟೇಟ್ ಆಫೀಸಿನಿಂದ ಮಧ್ಯಾಹ್ನಕ್ಕೆ ಮೊದಲೇ ಫೋನು ಬಂದಿದೆ. ಆ ಫೋನನ್ನು ತೆಗೆದುಕೊಂಡವನು ನಾನು. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಹೇಳುತ್ತೇನೆ. ಗಂಡನಾದವನು ಹೆಂಡತಿಯ ಪರ ಮಾತಾಡುತ್ತಾನೆಂದು ಸಾಹೇಬರಿಗೆ ಅನುಮಾನ ಬರಬಹುದು. ಅವಳ ಪರ ಇದುವರೆಗೆ ಯಾರೂ ಮಾತಾಡುವ ಅಗತ್ಯ ಬಂದಿರಲಿಲ್ಲ. ನನಗೆ ಆ ಅಭ್ಯಾಸ ಇಲ್ಲ.

ನಮ್ಮ ಬೈಕು ಮತ್ತು ಮೋಹನ್ ಅವರ ಬೈಕು ಒಂದೇ ಮಾದರಿಯವು. ದೂರದ ಊರುಗಳಿಗೆ ಹೋಗಲೆಂದೇ ಮಾಡಿದ ಎತ್ತರದ ಬೈಕುಗಳು. ಎರಡರ ಬಣ್ಣವೂ ಬೂದಿ. ನಮ್ಮದು ಕನ್ಯಾಕುಮಾರಿ ನೋಡಿದೆ, ಕಛ್ ನೋಡಿದೆ, ಹಿಮಾಚಲದ ಹಿಮವನ್ನೂ ನೋಡಿದೆ. ಓಡಿಸುವವಳು ಕ್ಯಾರೋಲಿನ್, ರಿಪೇರಿ ಮಾಡುವವಳೂ ಅವಳೇ. ನನ್ನ ಪಾಲಿನ ಕೆಲಸ ಟಾರ್ಚ್ ಹಿಡಿಯುವುದು. ಅದನ್ನೂ ನೆಟ್ಟಗೆ ಹಿಡಿಯುವುದಿಲ್ಲವೆಂಬ ದೂರು ಮನೆಯಲ್ಲಿ ಇತ್ಯರ್ಥವಾಗದೆ ಉಳಿದಿದೆ. ಒಮ್ಮೆ ಕೊಲ್ಹಾಪುರ ದಾಟಿದ ಮೇಲೆ ಕ್ಲಚ್ ಕೇಬಲ್ ತುಂಡಾಯಿತು. ನಾನು ಮೂರು ಸಂತರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅವಳು ಬೇರೆ ಕೇಬಲ್ ಸಿಕ್ಕಿಸಿ ಕೈ ಒರೆಸಿಕೊಳ್ಳುತ್ತಿದ್ದಳು. ಮನೆಯಿಂದ ಹೊರಡುವಾಗಲೇ ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲಿ ಎಳೆದು ಕಟ್ಟಿಟ್ಟಿದ್ದಳಂತೆ. ಇದು ತುಂಡಾಗುತ್ತದೆಂದು ಗೊತ್ತಿತ್ತೇ ಎಂದು ಕೇಳಿದ್ದಕ್ಕೆ, "ತುಂಡಾಗದ ಕೇಬಲ್ ಉಂಟಾ ಮಾರಾಯ್ರೆ?" ಎಂದಳು. ಇದನ್ನು ಅವಳ ಗುಣನಡತೆಯ ಬಗ್ಗೆ ಸಾಕ್ಷಿಯೆಂದು ಪರಿಗಣಿಸಬೇಕು.

ದಿನಾಂಕ 08-06-2025ರ ಭಾನುವಾರ ನಾವಿಬ್ಬರೂ ವನಗೂರು ಕಡೆ ಹೋಗಿ ಹಿಂತಿರುಗುವಾಗ ಸಂಜೆ ನಾಲ್ಕರ ಸುಮಾರಿಗೆ ಲಕ್ಕಯ್ಯನವರ ಕ್ಯಾಂಟೀನಿನಲ್ಲಿ ಕಾಫಿಗೆ ನಿಂತೆವು. ಅಲ್ಲಿ ರಸ್ತೆ ಕಿರಿದು, ಇಳಿಜಾರು, ಮೇಲಿಂದ ತಿರುವು ಬೇರೆ. ಎಸ್ಟೇಟ್ ಜೀಪು ಬಂದರೆ ನಿಂತಿರುವ ಗಾಡಿಗಳನ್ನು ಯಾರಾದರೂ ಸರಿಸಲೇಬೇಕು. ಹೀಗಾಗಿ ಅಲ್ಲಿ ನಿಲ್ಲಿಸುವವರೆಲ್ಲ ಕೀಲಿಯನ್ನು ಗಾಡಿಯಲ್ಲೇ ಬಿಡುವುದು ವಾಡಿಕೆ. ಕೀಲಿ ಕಿತ್ತುಕೊಂಡು ಒಳಗೆ ಬಂದವರಿಗೆ ಲಕ್ಕಯ್ಯನವರು ಕಾಫಿ ಕೊಡುವುದಿಲ್ಲ. ಇದು ಕಾನೂನಿಗೆ ಸರಿಯೇ ಎಂದು ಸಾಹೇಬರು ಕೇಳಿದರು. ಪೊಲೀಸ್ ಜೀಪು ಅಲ್ಲಿ ಹಾಗೆಯೇ ನಿಂತದ್ದನ್ನು ನಾನು ನೋಡಿಲ್ಲವೆಂದು ಹೇಳಲು ಸಿದ್ಧನಿದ್ದೇನೆ.

ನಾವು ಒಳಗಿದ್ದಾಗ ಜೀಪೊಂದು ಬಂತು. ಯಾರೋ ಹೊರಗಿದ್ದ ಎರಡು ಬೂದಿ ಬಣ್ಣದ ಬೈಕುಗಳನ್ನು ಸರಿಸಿದರು, ಜೀಪು ಹೋದ ಮೇಲೆ ಮತ್ತೆ ತಂದು ನಿಲ್ಲಿಸಿದರು. ನಿಲ್ಲಿಸುವಾಗ ಜಾಗ ಅದಲು ಬದಲಾಯಿತು. ನಂಬರ್ ಪ್ಲೇಟುಗಳೆರಡೂ ಕೆಸರಿನಲ್ಲಿ ಮುಚ್ಚಿಹೋಗಿದ್ದವು. ಮೂಲೆಯ ಮೇಜಿನಲ್ಲಿದ್ದ ಸುಮಾರು 35 ವಯಸ್ಸಿನ ಒಬ್ಬರು ಮೊದಲು ಎದ್ದು ಹೋದರು. ಅವರೇ ಬೆಳಗೋಡಿನಲ್ಲಿ ಗೊಬ್ಬರದಂಗಡಿ ಇಟ್ಟಿರುವ ಮೋಹನ್ ಎಂದು ನಂತರ ತಿಳಿಯಿತು.

ಸ್ವಲ್ಪ ಹೊತ್ತಿಗೆ ನಾವೂ ಹೊರಟೆವು. ಕ್ಯಾರೋಲಿನ್ ಎರಡನೇ ಗೇರಿಗೆ ಹಾಕುವ ಮೊದಲೇ ನಿಲ್ಲಿಸಿ, "ಇಳೀರಿ. ಇದು ನಮ್ದಲ್ಲ" ಎಂದಳು. ನಾನು ಬಣ್ಣವನ್ನು ತೋರಿಸಿದೆ. "ಷರ್ಟಿನ ಬಣ್ಣ ನೋಡಿ ಗಂಡನ ಗುರ್ತು ಹಿಡೀಲಿಕ್ಕೆ ಆಗ್ತದಾ? ಶಬ್ದ ಕೇಳಿ" ಎಂದಳು. ಕೇಳಿದೆ. ಚೈನು, ವರ್ಷಗಟ್ಟಲೆ ಯಾರೂ ತೆರೆಯದ ಗೇಟಿನಂತೆ ಕಿರುಗುಟ್ಟುತ್ತಿತ್ತು. ಕ್ಯಾಂಟೀನಿಗೆ ವಾಪಸು ಬಂದೆವು. ಲಕ್ಕಯ್ಯನವರು ತಲೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ, ಬೆಳಗೋಡು ಮೋಹನ ನಿಮ್ ಗಾಡಿ ತಗಂಡು ಹೋಗ್ಬುಟ್ನಲ್ಲವ್ವಾ! ಹಾಡು ಹೇಳ್ಕಂಡು ಹೋದ. ಅವನ ಗಾಡೀಲಿ ಯಾವತ್ತೂ ಹಾಡು ಹೇಳ್ಕಂಡು ಹೋದೋನಲ್ಲ, ನಂಗೆ ಆಗ್ಲೇ ಅನುಮಾನ ಬರ್ಬೇಕಿತ್ತು" ಎಂದು ತಿಳಿಸಿದರು. ಮೋಹನ್ ಅವರ ಫೋನ್ ನಂಬರನ್ನೂ ಕೊಟ್ಟರು. ಅಲ್ಲಿ ಸಿಗ್ನಲ್ ಇರಲಿಲ್ಲ.

ಬೇರೆ ಉಪಾಯವಿಲ್ಲದೆ ಮೋಹನ್ ಅವರ ಬೈಕಿನಲ್ಲಿಯೇ ಮನೆಗೆ ಹೊರಟೆವು. ದಾರಿಯಲ್ಲಿ ಸದರಿ ಬೈಕು ಏರು ಬಂದಲ್ಲೆಲ್ಲ ಕೆಮ್ಮಿ, ಎರಡು ಕಡೆ ಪೂರ್ತಿ ನಿಂತಿತು. ಎರಡನೇ ಸಲ ನಿಂತಾಗ ಕ್ಯಾರೋಲಿನ್ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದಳು. 'ಉಸ್' ಎಂದು ಸದ್ದಾಯಿತು. ಮುಚ್ಚಿದಳು, ಬೈಕು ಹೊರಟಿತು. ಮಕ್ಕಳ ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಹೇಗೆ ತಲೆಯಾಡಿಸುತ್ತಾಳೋ ಹಾಗೆಯೇ ತಲೆಯಾಡಿಸಿದಳು. ಇನ್ನು ಈ ಬೈಕು ಸುಲಭಕ್ಕೆ ಮನೆ ಬಿಟ್ಟು ಹೋಗುವುದಿಲ್ಲ ಎಂಬುದು ನನಗೆ ಆಗಲೇ ಮನವರಿಕೆಯಾಯಿತು.

ಅದೇ ದಿನ ಮನೆ ತಲುಪಿದ ಕೂಡಲೇ ಮೋಹನ್ ಅವರಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. ಬೈಕು ಅದಲು ಬದಲಾಗಿದೆ ಎಂದು ಹೇಳಿದ್ದಕ್ಕೆ ಮೋಹನ್, "ಹೌದಾ ಅಕ್ಕಾ? ನಮ್ ಗಾಡಿಗೆ ಬುದ್ಧಿ ಬಂದ್ಬುಡ್ತು ಅನ್ಕಂಡು ಖುಷೀಲಿದ್ದೆ ಕಣಕ್ಕಾ!" ಎಂದರು. ದಾರಿಯಲ್ಲಿ ನಿಂತರೆ ಏನು ಮಾಡುತ್ತೀರಿ ಎಂದು ಕ್ಯಾರೋಲಿನ್ ಕೇಳಿದಳು.

"ಮುಚ್ಳ ತೆಗೆದು ಪೆಟ್ರೋಲ್ ಐತಾ ಅಂತ ನೋಡ್ತೀನಿ. ಇರ್ತದೆ. ಮುಚ್ಚಿ ಕೈ ಮುಗೀತೀನಿ. ಹೊರಡ್ತದೆ."

"ಎಷ್ಟು ಸಮಯದಿಂದ?"

"ಎಲ್ಡು ವರ್ಷ ಆಯ್ತು. ಪ್ಲಗ್ ಬದ್ಲಾಯ್ಸ್ದೆ, ಪಂಪ್ ಬದ್ಲಾಯ್ಸ್ದೆ, ನಿಂಬೆಹಣ್ಣು ಕಟ್ದೆ. ಕೈ ಮುಗಿಯೋದೊಂದೇ ಕೆಲ್ಸ ಮಾಡೋದು."

ನಾಳೆಯೇ ಬಂದು ಬದಲಾಯಿಸಿಕೊಂಡು ಹೋಗುತ್ತೇನೆ ಎಂದು ಮೋಹನ್ ಹೇಳಿದಾಗ ಕ್ಯಾರೋಲಿನ್, "ನಾಳೆ ಬೇಡ. ಎರಡು ದಿನ ಬಿಟ್ಟು ಬನ್ನಿ" ಎಂದು ಫೋನ್ ಇಟ್ಟಳು. ಇದನ್ನು ಅನುಮತಿ ಕೇಳಿದ್ದೆಂದು ಹೇಳಲಾಗುವುದಿಲ್ಲ. ನಾನೂ ಹೇಳುವುದಿಲ್ಲ.

ಮಾರನೆಯ ದಿನ ಕಾಫಿ ಒಣಗಿಸುವ ಕಣದಲ್ಲಿ ಟಾರ್ಪಾಲು ಹಾಸಿ ಬೈಕನ್ನು ಪರೀಕ್ಷಿಸಲಾಯಿತು. ಪೆಟ್ರೋಲ್ ಟ್ಯಾಂಕಿಗೆ ಗಾಳಿ ಹೋಗಲೆಂದು ಒಂದು ಸಣ್ಣ ಕೊಳವೆ ಇರುತ್ತದೆ. ಅದರ ಬಾಯಲ್ಲಿ ಕುಂಬಾರ ಹುಳವೊಂದು ಮಣ್ಣಿನ ಮನೆ ಕಟ್ಟಿ, ಸಂಸಾರ ಹೂಡಿ, ಖಾಲಿ ಮಾಡಿಕೊಂಡು ಹೋಗಿತ್ತು. ಗಾಳಿ ಒಳಗೆ ಹೋಗದೆ ಪೆಟ್ರೋಲು ಹೊರಗೆ ಬರುತ್ತಿರಲಿಲ್ಲ. ಮುಚ್ಚಳ ತೆಗೆದಾಗ ಗಾಳಿ ಹೋಗುತ್ತಿತ್ತು, ಮುಗಿದ ಕೈಗೆ ಕೀರ್ತಿ ಬರುತ್ತಿತ್ತು. ಕ್ಯಾರೋಲಿನ್ ತೆಳ್ಳನೆಯ ತಂತಿಯಿಂದ ಮಣ್ಣನ್ನು ತೆಗೆದು, ಊದಿ, ಪೆಟ್ಟಿಗೆಯಿಂದ ಸ್ಪ್ಯಾನರುಗಳ ಚೀಲ ತಂದಳು.

ರೋಗ ವಾಸಿಯಾಯಿತಲ್ಲ, ಕೊಟ್ಟುಬಿಡೋಣ ಎಂದು ನಾನು ಸಲಹೆ ಕೊಟ್ಟೆ. "ಜ್ವರ ಇಳೀತು ಅಂತ ನ್ಯುಮೋನಿಯಾ ಇರುವ ಮಗುವನ್ನು ಮನೆಗೆ ಕಳಿಸ್ತೀರಾ?" ಎಂದು ಕೇಳಿದಳು. ಚೈನಿನ ವಿಷಯ ಆಗಲೇ ಹೇಳಿದೆ. ಏರ್ ಫಿಲ್ಟರನ್ನು ಕೊಡವಿದಾಗ ಬೆಳಗೋಡು ಹೋಬಳಿಯ ಅರ್ಧ ಧೂಳು ಹೊರಬಂತು. ಹ್ಯಾಂಡಲಿನ ಬುಡದ ಬೇರಿಂಗು, ಅಂದರೆ ಕೋನ್ ಸೆಟ್, ಎಷ್ಟು ಸಡಿಲವಾಗಿತ್ತೆಂದರೆ ಬೈಕು ಯಾವ ಕಡೆ ಹೋಗಬೇಕೆಂಬುದನ್ನು ಸ್ವತಃ ತೀರ್ಮಾನಿಸುತ್ತಿತ್ತು. ಹೊಸದು ಹಾಸನದಿಂದ ಬಸ್ಸಿನಲ್ಲಿ ಬರಬೇಕಿತ್ತು, ಬರಲಿಲ್ಲ. ಎರಡು ದಿನವೆಂದದ್ದು ವಾರ ದಾಟಿತು. ಮೋಹನ್ ಅವರೂ ಅವಸರ ಮಾಡಲಿಲ್ಲ. ನಮ್ಮ ಬೈಕಿನ ಮೇಲೆ ಕುಳಿತು ಬಿಸಿಲೆ ಘಾಟಿನಲ್ಲಿ ತೆಗೆಸಿಕೊಂಡ ಫೋಟೊವನ್ನು ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹಾಕಿದ್ದರು. ಕ್ಯಾರೋಲಿನ್ ಆ ಫೋಟೊದಲ್ಲಿ ಮೋಹನ್ ಅವರನ್ನು ನೋಡಲಿಲ್ಲ. ಬೆರಳಿಂದ ಹಿಗ್ಗಿಸಿ ಚೈನನ್ನು ನೋಡಿ ನಿಟ್ಟುಸಿರಿಟ್ಟಳು.

ಈ ದಿನ, ದಿನಾಂಕ 19-06-2025ರ ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ ಮೋಹನ್ ಹೇಳದೆ ಕೇಳದೆ ನಮ್ಮಲ್ಲಿಗೆ ಬಂದರು. ಕೋನ್ ಸೆಟ್ ಹಿಂದಿನ ದಿನ ಬಂದಿತ್ತು. ಆ ಹೊತ್ತಿನಲ್ಲಿ ಅವರ ಬೈಕಿನ ಮುಂದಿನ ಚಕ್ರ ಒಂದು ಕಡೆ, ಹ್ಯಾಂಡಲು ಒಂದು ಕಡೆ, ಟ್ಯಾಂಕು ಹಲಸಿನ ಮರದ ಬುಡದಲ್ಲಿ ಇದ್ದವು. ಬೋಲ್ಟುಗಳನ್ನೆಲ್ಲ ಡಿಸ್ಪೆನ್ಸರಿಯ ಔಷಧಿ ಕಪ್ಪುಗಳಲ್ಲಿ ಹಾಕಿ ಸಾಲಾಗಿ ಇಡಲಾಗಿತ್ತು. ಇದನ್ನು ಕಂಡು ಮೋಹನ್, "ಬಿಚ್ಬುಟ್ಟವ್ರೆ! ನನ್ ಗಾಡೀನ ಚೂರು ಚೂರು ಮಾಡಿ ಮಾರಕ್ಕಿಟ್ಟವ್ರೆ!" ಎಂದು ಕೂಗಿದರು. ಕ್ಯಾರೋಲಿನ್ ಅವರನ್ನು ದಾಟಿಕೊಂಡು ಹೋಗಿ ನಮ್ಮ ಬೈಕಿನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಚೈನನ್ನು ಮುಟ್ಟಿ ನೋಡಿದಳು.

"ಇಷ್ಟು ದಿನಕ್ಕೆ ಒಂದು ತೊಟ್ಟು ಎಣ್ಣೆ ಇಲ್ಲ. ನಿಮಗೆ ಮನುಷ್ಯತ್ವ ಉಂಟಾ?"

"ಕಳ್ತನ ಆಗಿರೋದು ನಂದು, ಬೈಸ್ಕಳ್ತಾ ಇರೋನೂ ನಾನೇ! ಇರ್ರೀ, ಸ್ಟೇಷನ್‌ಗೇ ಹೋಯ್ತೀನಿ" ಎಂದು ಮೋಹನ್ ನಮ್ಮ ಬೈಕಿನಲ್ಲಿಯೇ ಠಾಣೆಗೆ ಹೋದರು.

ಹಿಂದೆಯೇ ಹೋಗಿ ಕೈಹಿಡಿದು ಸಮಾಧಾನ ಮಾಡೋಣವೆಂದು ನಾನು ಹೇಳಿದೆ. ಅವಳು ಕಪ್ಪುಗಳ ಸಾಲನ್ನು ನೋಡಿ, "ಪೊಲೀಸರು ಬರುವ ಮೊದಲು ಮುಗೀತದೆ" ಎಂದಳು. ಠಾಣೆಯಿಂದ ಸುದ್ದಿ ಹೋಗಿ ಆಫೀಸಿನ ಫೋನು ಬಂದದ್ದು ಈ ನಡುವೆ. ವಿಷಯ ಹೇಳಿದೆ. "ಹೌದಾ" ಎಂದಳು. ಅದರ ನಂತರ ಒಂದು ಕಪ್ಪು ಮಗುಚಿತು. ಅವಳ ಕೈಯಿಂದ ಏನಾದರೂ ಮಗುಚಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಹುಲ್ಲಿನಲ್ಲಿ ಬಿದ್ದ ಬೋಲ್ಟುಗಳನ್ನು ನಾನು ಹೆಕ್ಕಿ ಕೊಟ್ಟೆ. ಅವಳು ಒಂದೊಂದನ್ನೂ ಒರೆಸಿ, ಬೆರಳಿನಿಂದ ನಾಲ್ಕು ಸುತ್ತು ತಿರುಗಿಸಿ, ಆಮೇಲೆಯೇ ಸ್ಪ್ಯಾನರ್ ಹಾಕಿದಳು. ಕೊನೆಗೆ ಚೈನಿಗೆ ಎಣ್ಣೆ ಹಾಕಿ ಹೆಚ್ಚಾದದ್ದನ್ನು ಒರೆಸಿದಳು. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಅಂಥ ಕೆಲಸವನ್ನು ನಾನು ಹಿಮಾಚಲದ ದಾರಿಯಲ್ಲೂ ನೋಡಿಲ್ಲ, ಕಂಪನಿಯ ಷೋರೂಮಿನಲ್ಲೂ ನೋಡಿಲ್ಲ.

ಹನ್ನೆರಡೂವರೆಗೆ ಜೀಪು ಬಂತು. ಮೋಹನ್ ನಮ್ಮ ಬೈಕಿನಲ್ಲಿ ಜೊತೆಗೇ ಬಂದರು. ಪೂರ್ತಿಯಾಗಿ ಜೋಡಿಸಿ ನಿಲ್ಲಿಸಿದ್ದ ಅವರ ಬೈಕನ್ನು ಜಪ್ತಿ ಮಾಡಿ, ಕಾನ್‌ಸ್ಟೆಬಲ್ ಮಹಾದೇವಯ್ಯನವರು ಅದನ್ನು ಓಡಿಸಿಕೊಂಡು ಠಾಣೆಗೆ ಹೊರಟರು. ಅವರ ಹಿಂದೆ ಮೋಹನ್, ಕೊನೆಗೆ ಜೀಪಿನಲ್ಲಿ ನಾನು ಮತ್ತು ಕ್ಯಾರೋಲಿನ್. ದೋಣಿಗಲ್ ದಾಟಿ ಏರು ಶುರುವಾದ ಕಡೆ ಮೋಹನ್ ನಮ್ಮ ಬೈಕನ್ನು ಮಹಾದೇವಯ್ಯನವರ ಪಕ್ಕಕ್ಕೆ ತಂದು ಕೂಗತೊಡಗಿದರು.

"ನಿಲ್ಸಿ ಸಾರ್, ನಿಲ್ಸಿ! ಇಲ್ಲಿ ಮುಚ್ಳ ತೆಗೀಬೇಕು!"

"ಯಾಕ್ರೀ ನಿಲ್ಸ್ಲಿ? ಹೋಯ್ತಾ ಐತಲ್ಲ!"

"ಇಲ್ಲಿ ನಿಲ್ಲಬೇಕು ಸಾರ್ ಅದು! ಎಲ್ಡು ವರ್ಷದಿಂದ ಇಲ್ಲೇ ನಿಲ್ತದೆ!"

"ನಿಮ್ ಗಾಡಿಗೆ ಗೊತ್ತಿಲ್ಲ ಅದು. ದಾರಿ ಬುಡ್ರೀ!"

ಬೈಕು ಆ ಏರನ್ನು ಮೂರನೇ ಗೇರಿನಲ್ಲಿ ಹತ್ತಿತು. ಹಿಂದೆ ಲಾರಿಗಳು ಹಾರನ್ ಹೊಡೆದವು. ಮೋಹನ್ ಮಾತ್ರ ರಸ್ತೆ ಬದಿಗೆ ನಿಂತುಬಿಟ್ಟರು. ನಮ್ಮ ಬೈಕಿಗೆ ಏನೂ ಆಗಿರಲಿಲ್ಲ. ಜೀಪು ಅವರನ್ನು ದಾಟುವಾಗ ಅವರು ಬಾಯಿ ತೆರೆದುಕೊಂಡು ಮೇಲಕ್ಕೆ ನೋಡುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕ್ಯಾರೋಲಿನ್ ಜೀಪಿನ ಕಿಟಕಿಯಿಂದ ಮುಂದಿನ ಬೈಕಿನ ಎಂಜಿನ್ ಸದ್ದಿಗೆ ಕಿವಿ ಕೊಟ್ಟು, "ಟ್ಯಾಪೆಟ್ ಸರಿಯಾಗಿ ಕೂತಿದೆ" ಎಂದಳು. ಬಂಧನದ ಭಯದಲ್ಲಿರುವ ಹೆಂಗಸು ಹೀಗೆ ಹೇಳುವುದುಂಟೇ ಎಂಬುದನ್ನು ಸಾಹೇಬರೇ ಯೋಚಿಸಬೇಕು.

ಠಾಣೆಯ ಅಂಗಳಕ್ಕೆ ಬಂದ ಮೋಹನ್ ತಮ್ಮ ಬೈಕಿನ ಟ್ಯಾಂಕಿನ ಮುಚ್ಚಳ ತೆರೆದು ಕಿವಿಯಿಟ್ಟರು. ಉಸ್ ಎನ್ನಲಿಲ್ಲ. ಹ್ಯಾಂಡಲನ್ನು ಆ ಕಡೆ ಈ ಕಡೆ ತಿರುಗಿಸಿದರು. ಆಮೇಲೆ ಕ್ಯಾರೋಲಿನ್ ಹತ್ತಿರ ಬಂದು, "ಅಕ್ಕಾ, ಇದು ನನ್ ಗಾಡೀನೇನಾ?" ಎಂದು ಮೆಲ್ಲಗೆ ಕೇಳಿದರು. ಹೌದೆಂದಳು. ದೂರನ್ನು ವಾಪಸು ತೆಗೆದುಕೊಳ್ಳುವುದಾಗಿ ಅವರು ಸಾಹೇಬರ ಮುಂದೆ ಹೇಳಿ, ಈಗ ಪಕ್ಕದ ಕೋಣೆಯಲ್ಲಿ ಅದನ್ನೇ ಬರೆದುಕೊಡುತ್ತಿದ್ದಾರೆ. ಕೇಳದೆ ಮಾಡಿದ್ದು ತಪ್ಪೆಂದು ಕ್ಯಾರೋಲಿನ್ ಒಪ್ಪಿಕೊಂಡು, ಇನ್ನು ಮುಂದೆ ಮಾಲೀಕರ ಅನುಮತಿ ಇಲ್ಲದೆ ಯಾರ ವಾಹನವನ್ನೂ ಮುಟ್ಟುವುದಿಲ್ಲವೆಂದು ಬರೆದು ಸಹಿ ಹಾಕಿದ್ದಾಳೆ. ಎಲ್ಲರ ಹೇಳಿಕೆಗಳೂ ಹೊಂದಿದರೆ ಕೇಸು ಮಾಡದೆ ಮುಗಿಸಿ, ಮೇಲಿನ ಅಧಿಕಾರಿಗಳ ಸಹಿಯಾದ ಮೇಲೆ ನಾಳೆ ಬೆಳಿಗ್ಗೆ ಬೈಕನ್ನು ಬಿಟ್ಟುಕೊಡುವುದಾಗಿ ಸಾಹೇಬರು ತಿಳಿಸಿದ್ದಾರೆ. ಅಲ್ಲಿಯವರೆಗೆ ಅದು ಠಾಣೆಯ ಅಂಗಳದಲ್ಲಿಯೇ ಇರಬೇಕು.

ಮೇಲೆ ಬರೆಸಿದ್ದೆಲ್ಲ ನಾನು ಕಂಡದ್ದು ಮತ್ತು ಕೇಳಿದ್ದು. ಓದಿ ಹೇಳಿದ್ದನ್ನು ಕೇಳಿಸಿಕೊಂಡೆ. ಹೊಗಳಿಕೆ ಕೆಲವು ಕಡೆ ಕಡಿಮೆಯಾಗಿದೆ, ಸುಳ್ಳು ಎಲ್ಲಿಯೂ ಇಲ್ಲ.

ಸ್ಥಳ: ಸಕಲೇಶಪುರ
ದಿನಾಂಕ: 19-06-2025
(ಸಹಿ) ಪಿಯೂಸ್ ತಾವ್ರೊ

ಸಹಿಯ ಕೆಳಗೆ ಸೇರಿಸಲು ಕೋರಿದ್ದು: ಮೋಹನ್ ಅವರ ಬೈಕನ್ನು ನಿಲ್ಲಿಸಿರುವ ಜಾಗಕ್ಕೆ ಸೂರಿನ ನೀರು ನೇರವಾಗಿ ಬೀಳುತ್ತದೆ, ಮೋಡ ಕಟ್ಟಿದೆ. ಬರೆದುಕೊಟ್ಟ ಮಾತಿಗೆ ಕಟ್ಟುಬಿದ್ದು ನನ್ನ ಹೆಂಡತಿ ಅರ್ಧ ಗಂಟೆಯಿಂದ ಕಿಟಕಿಯ ಸರಳು ಹಿಡಿದು ಅದನ್ನೇ ನೋಡುತ್ತ ನಿಂತಿದ್ದಾಳೆ. ಇದನ್ನು ಓದುವವರು ಯಾರೇ ಆಗಲಿ, ದಯವಿಟ್ಟು ಆ ಬೈಕನ್ನು ಎರಡು ಮಾರು ಈಚೆಗೆ, ಜಗಲಿಯ ಕಡೆಗೆ ತಳ್ಳಿಡಿ.