ಸೋರುವ ಕ್ಯಾನು, ಒದ್ದೆ ಅಂಗಿ

ಮಡಿಕೇರಿಯ ಆಸ್ಪತ್ರೆಯಲ್ಲಿ ಚೀಟಿಗೆ ಕಾಯುತ್ತಿದ್ದ ಶ್ವೇತಳ ಮುಂದೆ ಇಬ್ಬರು ನಿಂತಿದ್ದರು. ಕಾಫಿ ತೋಟದ ಆಳು-ಲೆಕ್ಕ ನೋಡಿಕೊಳ್ಳುವ ರೈಟರ್ ಪಿಸುಗುಡುತ್ತಿದ್ದ. ವನಜಮ್ಮ ದನಿ ತಗ್ಗಿಸಲಿಲ್ಲ. ಅವಳ ಗಂಡ, ಅದೇ ತೋಟದ ಕೂಲಿಯಾಳು ಪುಟ್ಟರಾಜು, ಒಳಗೆ ಎಚ್ಚರ ತಪ್ಪಿ ಮಲಗಿದ್ದ.

“ಡಾಕ್ಟರ್ ಕೇಳಿದ್ರೆ ಸಾರಾಯಿ ಕುಡಿದು ಬಿದ್ದ ಅನ್ನು.”

“ನಮ್ಮನೆಯವ್ರು ಕುಡಿಯಲ್ಲ ರೈಟ್ರೇ. ನಿಮ್ಮ ಕಾಫಿ ಗಿಡಕ್ಕೆ ಹುಳದ ಔಷಧಿ ಹೊಡೀತಾ ಬಿದ್ದಿದ್ದು.”

“ಅದೇನು ಬಾಯಿಗೆ ಹೋಯ್ತಾ? ಅಂಗಿ ಒದ್ದೆ ಆಯ್ತು, ಅಷ್ಟೆ.”

“ಬೆನ್ನಿಗೆ ಕಟ್ಟೋ ಔಷಧಿ ಕ್ಯಾನು ಸೋರ್ತದೆ ಅಂತ ಮೂರು ದಿನದಿಂದ ಹೇಳ್ತಿದ್ರು. ಬೆಳಿಗ್ಗೆಯಿಂದ ಬೆನ್ನೆಲ್ಲ ನೆಂದಿತ್ತು.”

“ಚರ್ಮದೊಳಗೆ ಇಳಿಯೋಕೆ ಅದೇನು ಸ್ಪಂಜಾ?”

“ಎಲೆ ಮೇಲೆ ಹೊಡೆದ್ರೆ ಸಾಕು, ಗಿಡ ಒಳಗೆ ಎಳ್ಕೊಳ್ತದೆ ಅಂದೋರು ನೀವೇ ಅಲ್ವಾ? ಎಲೆ ಎಳ್ಕೊಳ್ತದೆ, ನಮ್ಮ ಚರ್ಮ ಎಳ್ಕೊಳ್ಳಲ್ವಾ?”

“ಕೂಗ್ಬೇಡ ಮಾರಾಯ್ತಿ, ಜನ ನೋಡ್ತಾರೆ.”

ವನಜಮ್ಮ ಪ್ಲಾಸ್ಟಿಕ್ ಚೀಲ ಬಿಚ್ಚಿ, ಅದರಲ್ಲಿದ್ದ ಗಂಡನ ಅಂಗಿಯನ್ನು ರೈಟರನ ಮುಂದೆ ಹಿಡಿದಳು. ಘಾಟಿಗೆ ಶ್ವೇತ ಮೂಗು ಮುಚ್ಚಿಕೊಂಡಳು.

“ಒಂದ್ನಿಮಿಷ ಇದನ್ನ ಕೈಯಲ್ಲಿ ಹಿಡೀರಿ.”

ರೈಟರ್ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡ.

“ಯಾಕೆ ರೈಟ್ರೇ? ಚರ್ಮದೊಳಗೆ ಇಳಿಯಲ್ವಲ್ಲ?”

ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು: “ಪುಟ್ಟರಾಜು ಕಡೆಯವ್ರು ಯಾರು?”

“ನಾನು” ಎಂದು ವನಜಮ್ಮ ಚೀಲದ ಸಮೇತ ಡಾಕ್ಟರ ಕೋಣೆಗೆ ನಡೆದಳು. ರೈಟರ್ ಹೊರಗಿನ ಮೆಟ್ಟಿಲಿಳಿದ.